ಬಾವಿ ದಾರಿಯ ಬಿಳಿಪುಡಿ

ನಮ್ಮ ಕಡೆ ಮದುವೆಯಾಗಿ ಬಂದ ಹೆಣ್ಣು ಮೊದಲು ಗಂಡನ ಮನೆಯ ಬಾವಿಗೆ ಹೋಗಬೇಕು. ಬಾವಿಕಟ್ಟೆಗೆ ವೀಳ್ಯದೆಲೆ, ಅಡಿಕೆ ಇಟ್ಟು, ತೆಂಗಿನಕಾಯಿ ಒಡೆದು, ನೀರು ಸೇದಿ, ಕೊಡ ತಲೆಯ ಮೇಲಿಟ್ಟುಕೊಂಡು ಅಡುಗೆಮನೆಗೆ ತರಬೇಕು. ಸುಮ್ಮನೆ ತರಲು ಬಿಡುತ್ತಾರೆಯೇ? ಗಂಡನ ಕಡೆಯವರೆಲ್ಲ ವಾಲಗಕ್ಕೆ ಕುಣಿಯುತ್ತಾ ದಾರಿಗೆ ಅಡ್ಡ ನಿಲ್ಲುತ್ತಾರೆ. ಅವರು ಕುಣಿದು ದಣಿಯುವವರೆಗೆ ಹುಡುಗಿ ಕೊಡ ಹೊತ್ತುಕೊಂಡು ನಿಂತಲ್ಲೇ ನಿಲ್ಲಬೇಕು. ಅತ್ತಿತ್ತ ನೋಡಿದರೂ ಕೊಡ ಬೀಳುತ್ತದೆ. ನನಗೋ ಹುಟ್ಟಿನಿಂದಲೂ ನಿಂತಲ್ಲಿ ಕಾಲು ನಿಲ್ಲುವುದಿಲ್ಲ. ಅವತ್ತು ನಾನು ಹಲ್ಲು ಕಚ್ಚಿ ನಿಂತದ್ದನ್ನು ನೆನೆದರೆ ಈಗಲೂ ಕತ್ತು ನೋಯುತ್ತದೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಮೇ ತಿಂಗಳ ಕೊನೆಯ ಮದುವೆ. ನಾಲ್ಕು ಹನಿ ಬಿದ್ದು ಆಗಲೇ ಜಿಗಣೆ ಎದ್ದಿದ್ದವು. ಆದರೆ ಬಾವಿಯಿಂದ ಮನೆಯವರೆಗಿನ ಆ ದಾರಿಯಲ್ಲಿ ನನ್ನ ಬರಿಗಾಲಿಗೆ ಒಂದೇ ಒಂದು ಜಿಗಣೆ ಹತ್ತಲಿಲ್ಲ. ದಾರಿಯ ಎರಡೂ ಬದಿಗೆ, ಬಾವಿಕಟ್ಟೆಯ ಸುತ್ತಲೂ ದಪ್ಪಗೆ ಬಿಳಿಪುಡಿ ಎಳೆದಿದ್ದರು. ಮುಡಿದ ಮಲ್ಲಿಗೆಯ ಘಮದಲ್ಲಿ ಬೇರೆ ವಾಸನೆ ತಿಳಿಯದೆ, ನಾನು ಸುಣ್ಣವೋ ರಂಗೋಲಿಯೋ ಎಂದುಕೊಂಡೆ. ಕುಣಿತ ಮುಗಿದು ಒಳಗೆ ಬಂದಾಗ ಮಾವ ಹತ್ತಿರ ಬಂದು ನನ್ನ ಪಾದ ನೋಡಿದರು.

"ನೋಡ್ ಮಗ್ಳೇ, ಒಂದ್ ಜಿಗಣೆನೂ ಹತ್ಲಿಲ್ಲೆ. ನಾನೇ ಹಾಕ್ಸಿದ್ದ್. ಕಾಫಿ ಗಿಡದ ಹುಳಕ್ಕೆ ತಂದ ಪುಡಿ. ಒಂದ್ ಮೂಟೆ ಪೂರಾ ಹಾಕ್ಸಿದೆ."

ಅವರ ಮುಖದಲ್ಲಿ ಎಂಥ ಸಂತೋಷ! ನಾನು ಹುಟ್ಟಿದಾಗಲೇ ತಾಯಿಯನ್ನು ಕಳೆದುಕೊಂಡವಳು. ನನ್ನ ಕಾಲಿಗೆ ಏನು ಹತ್ತಿತು, ಏನು ಚುಚ್ಚಿತು ಎಂದು ಅದುವರೆಗೆ ಬಗ್ಗಿ ನೋಡಿದವರಿರಲಿಲ್ಲ. ಸೊಸೆಯ ಕಾಲಿಗೆ ಜಿಗಣೆ ಹತ್ತಬಾರದೆಂದು ಒಂದು ಮೂಟೆ ಪುಡಿ ಸುರಿಸಿದ ಆ ಮನುಷ್ಯನ ಮೇಲೆ ನನಗೆ ಅವತ್ತೇ ಪ್ರೀತಿ ಹುಟ್ಟಿತು. ಆಮೇಲೆ ಅವರೆದುರು ಬಾಯಿ ಬಿಡಲು ನನಗೆ ಅಷ್ಟು ಕಷ್ಟವಾದದ್ದು ಅದಕ್ಕೇ.

ಆ ಪುಡಿ ನನಗೆ ಹೊಸದಲ್ಲ. ನನ್ನ ಅಪ್ಪ ಸಿದ್ದಾಪುರದ ಕಡೆ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ನಾನು ಬೆಳೆದದ್ದು ಸ್ಟೋರಿನ ಹಿಂದಿನ ಮನೆಯಲ್ಲಿ. ಬಿ.ಎಚ್.ಸಿ. ಎಂದು ಬರೆದ ಆ ಪುಡಿಯ ಮೂಟೆಗಳು ಬಂದಿಳಿದ ದಿನ ನಮ್ಮ ಅನ್ನಕ್ಕೂ ಅದೇ ವಾಸನೆ. ಹಳೆಯ ಗೋಣಿಗೆ ಬೂಸಲು ಹಿಡಿದು ಅದರ ಮೇಲೆ ಯಾರೋ ಔಷಧಿ ಚೆಲ್ಲಿದರೆ ಹೇಗೋ ಹಾಗೆ. ಮೂಗಿಗಿಂತ ಗಂಟಲಿಗೆ ಹೆಚ್ಚು ತಿಳಿಯುವ ವಾಸನೆ. ಆ ಕಾಲದಲ್ಲಿ ಪುಡಿ ಎಂದರೆ ಎಲ್ಲರಿಗೂ ಭಕ್ತಿ. ಮಲೇರಿಯಾದವರು ಬಂದು ಗೋಡೆಗೆಲ್ಲ ಡಿ.ಡಿ.ಟಿ. ಹೊಡೆದು ಹೋದ ಮೇಲೆ ಊರಲ್ಲಿ ಚಳಿಜ್ವರವೇ ನಿಂತಿತ್ತು. ಹುಳ ಸಾಯುತ್ತದೆ, ಮನುಷ್ಯ ಬದುಕುತ್ತಾನೆ; ಇನ್ನೇನು ಬೇಕು?

ಜೂನಿನಲ್ಲಿ ಮಳೆ ಹಿಡಿಯಿತು. ನಮ್ಮ ಕಡೆಯ ಮಳೆಯ ಬಗ್ಗೆ ಹೇಳುವುದೇನಿದೆ, ಬಂತೆಂದರೆ ಬಂತು. ದಾರಿಯ ಬಿಳಿ ಗೆರೆ ಒಂದು ವಾರದಲ್ಲಿ ಕಾಣದಾಯಿತು. ಎಲ್ಲಿ ಹೋಯಿತು ಎಂದು ಯಾರೂ ಕೇಳಲಿಲ್ಲ. ಬಾವಿ ತುಂಬಿ ಕೈಗೆ ಸಿಗುವಷ್ಟು ಮೇಲೆ ಬಂತು. ನಾನು ಬಸುರಿಯಾದದ್ದೂ ಆ ಮಳೆಯಲ್ಲೇ.

ಒಂದು ಬೆಳಿಗ್ಗೆ ಚೊಂಬಿನಿಂದ ನೀರು ಕುಡಿದೆ. ಗಂಟಲಲ್ಲಿ ಎಸ್ಟೇಟ್ ಸ್ಟೋರಿನ ಬಾಗಿಲು ತೆರೆದ ಹಾಗಾಯಿತು. ಕುಡಿದದ್ದನ್ನೆಲ್ಲ ಕಕ್ಕಿದೆ.

"ಅತ್ತೆ, ನೀರು ವಾಸನೆ" ಎಂದೆ.

ಅತ್ತೆಗೆ ನಗುವೋ ನಗು. "ಬಸ್ರಿ ಹೆಂಗ್ಸಿಗೆ ದೇವ್ರ ಊದುಬತ್ತಿನೂ ನಾತವೇ. ನಾನ್ ನಿನ್ನ ಗಂಡನ್ನ ಹೊಟ್ಟೇಲಿ ಹೊತ್ತಿರ್ಕಾಕನ ನಿನ್ನ ಮಾವ ಹತ್ರ ಬಂದ್ರೂ ವಾಂತಿ ಮಾಡ್ತಿದ್ದೆ!"

"ಅದಲ್ಲ ಅತ್ತೆ, ಪುಡಿ ವಾಸನೆ. ನಮ್ಮ ಎಸ್ಟೇಟ್ ಸ್ಟೋರ್ ವಾಸನೆ."

"ಅಪ್ಪನ ಮನೆ ನೆನಪಾಗ್ತುಟ್ಟು ಅಂತ ನೇರವಾಗಿ ಹೇಳ್. ನೀರಿನ ಮೇಲೆ ಎಂತಕೆ ಹಾಕುದು?"

ಅಲ್ಲಿಗೆ ಮಾತು ಮುಗಿಯಿತು. ಗಂಡನ ಹತ್ತಿರ ಹೇಳಿದೆ. ಅವರು ಒಂದು ಲೋಟ ನೀರು ಎತ್ತಿ ಕುಡಿದು, ಬಾಯಿ ಚಪ್ಪರಿಸಿ, "ನಂಗೆಂತೂ ಗೊತ್ತಾಗ್ತಿಲ್ಲೆ" ಎಂದರು. ಗೊತ್ತಾಗುವುದಾದರೂ ಹೇಗೆ? ಎಲೆ ಅಡಿಕೆ, ಹೊಗೆಸೊಪ್ಪು ಹಾಕಿ ಹಾಕಿ ಆ ಬಾಯಿ ತೊಗಲಾಗಿತ್ತು. ಮಿಕ್ಕವರ ಕತೆಯೂ ಅದೇ. ಆ ಮನೆಯಲ್ಲಿ ಬರಿ ನೀರು ಕುಡಿಯುವವರೇ ಇರಲಿಲ್ಲ. ಬೆಳಿಗ್ಗೆ ಎದ್ದರೆ ಬೆಲ್ಲದ ಕಾಫಿ, ಗದ್ದೆಗೆ ಹೋಗುವಾಗ ಬೆಲ್ಲದ ಕಾಫಿ, ಬಂದರೆ ಕಾಫಿ, ನೆಂಟರು ಬಂದರೆ ಕಾಫಿ, ಹೋದರೆ ಅವರು ಹೋದರಲ್ಲ ಎಂದು ಕಾಫಿ. ಮನೆಯಲ್ಲೇ ಹುರಿದು ಕುಟ್ಟಿದ ಪುಡಿ, ಕರಿ ಬೆಲ್ಲ, ಮೇಲೆ ಒಂದಿಷ್ಟು ಮೆಣಸು. ಅದರಲ್ಲಿ ಆನೆ ಸತ್ತು ಬಿದ್ದಿದ್ದರೂ ವಾಸನೆ ಬರುತ್ತಿರಲಿಲ್ಲ. ನನಗೆ ಬಸುರಿನಲ್ಲಿ ಕಾಫಿ ಸೇರುತ್ತಿರಲಿಲ್ಲ. ಇಡೀ ಮನೆಯಲ್ಲಿ ಬರಿ ನೀರು ಕುಡಿಯುವವಳು ನಾನೊಬ್ಬಳು, ನನ್ನ ಹೊಟ್ಟೆಯಲ್ಲಿ ಇನ್ನೊಂದು ಜೀವ.

ಆ ದಿನಗಳಲ್ಲಿ ನನಗಿದ್ದದ್ದು ಒಂದೇ ಚಿಂತೆ. ಕಾಫಿ ಗಿಡದ ಕಾಂಡ ಕೊರೆಯುವ ಗಟ್ಟಿ ಹುಳವನ್ನೇ ಕೊಲ್ಲುವ ಪುಡಿ, ಇನ್ನೂ ಮೂಳೆ ಕೂಡದ ನನ್ನ ಮಗುವನ್ನು ಏನು ಮಾಡೀತು? ಹಗಲೆಲ್ಲ ಇದೇ. ಕುಳಿತರೆ ಎದ್ದು ನಿಲ್ಲಬೇಕು, ನಿಂತರೆ ನಡೆಯಬೇಕು. ಜಗಲಿಯ ಈ ತುದಿಯಿಂದ ಆ ತುದಿಗೆ ಓಡಾಡಿ ಅತ್ತೆಯ ಕೈಲಿ ಬೈಸಿಕೊಂಡೆ. ಬಾಯಾರಿಕೆ ತಡೆದೆ. ತಡೆದು ತಡೆದು ಕೊನೆಗೆ ಅದೇ ನೀರನ್ನು ಮೂಗು ಹಿಡಿದು ಕುಡಿದೆ, ಕುಡಿದು ಕಣ್ಣೀರು ಹಾಕಿದೆ. ಥೂ, ಎಂಥ ಬಾಳು ಎನಿಸಿತು.

ಕುದಿಸಿದರೆ ಸರಿಹೋದೀತೆಂದು ದೊಡ್ಡ ಪಾತ್ರೆಯಲ್ಲಿ ನೀರು ಒಲೆಗಿಟ್ಟೆ. ಆವಿ ಎದ್ದಿತು ನೋಡಿ, ಅಡುಗೆಮನೆಯಿಂದ ನಾನೇ ಹೊರಗೋಡಿದೆ. ಕುದಿಸಿದಷ್ಟೂ ನೀರು ಕಡಿಮೆಯಾಯಿತೇ ಹೊರತು ಕುಡಿದಾಗ ಗಂಟಲಿಗೆ ಹತ್ತುವುದು ಹಾಗೇ ಇತ್ತು. ಪಟಿಕ ತಿರುಗಿಸಿದೆ, ಮಣ್ಣು ತಳಕ್ಕೆ ಇಳಿದು ನೀರು ಕನ್ನಡಿಯಾಯಿತು, ವಾಸನೆ ಮಾತ್ರ ಇಳಿಯಲಿಲ್ಲ. ತುಳಸಿ ಹಾಕಿದೆ, ಲಾವಂಚದ ಬೇರು ಹಾಕಿದೆ. ಲಾವಂಚದ ಜೊತೆ ಪುಡಿ ಸೇರಿದರೆ ಹೇಗಿರುತ್ತದೆಂದು ಯಾರಿಗಾದರೂ ತಿಳಿಯಬೇಕಿದ್ದರೆ ನನ್ನನ್ನು ಕೇಳಬಹುದು.

ಮನೆಯ ಹಿಂದೆ, ಗುಡ್ಡ ಹತ್ತಿದರೆ ಕಾಡಿನಂಚಿನಲ್ಲಿ ಒಂದು ಒರತೆಯಿತ್ತು. ಒಂದು ಮಧ್ಯಾಹ್ನ ಯಾರಿಗೂ ಹೇಳದೆ ಗರಿಯ ಗೊರಗ ಹೊದ್ದುಕೊಂಡು ಆ ಮಳೆಯಲ್ಲಿ ಹತ್ತಿಹೋದೆ. ಬೊಗಸೆಯಲ್ಲಿ ನೀರು ಹಿಡಿದು ಕುಡಿದೆ. ಕಲ್ಲಿನ ತಣ್ಣನೆ ರುಚಿ ಬಿಟ್ಟರೆ ಬೇರೇನೂ ಇಲ್ಲ. ಅಯ್ಯೋ ದೇವರೇ, ಹುಚ್ಚು ನನಗಲ್ಲ, ನೀರಿಗೇ! ಅಲ್ಲೇ ಕೂತು ಹೊಟ್ಟೆ ತುಂಬ ಕುಡಿದೆ. ಇಳಿಯುವಾಗ ಜಾರಿ ಬಿದ್ದೆ. ಕೆಸರು ಮೆತ್ತಿಕೊಂಡು, ಕಾಲ ತುಂಬ ಜಿಗಣೆ ಕಚ್ಚಿಸಿಕೊಂಡು ಅಂಗಳಕ್ಕೆ ಬಂದಾಗ ಇಡೀ ಮನೆ ಹೊರಗೆ ನಿಂತಿತ್ತು.

"ಹೊಟ್ಟೇಲಿರ್ದಕ್ಕೆ ಎಂತಾರ್ ಆಗಿದ್ರೆ?" ಅತ್ತೆ ಕೂಗಿದರು.

"ಈ ನೀರು ಕುಡಿದರೂ ಆಗುವುದು ಅದೇ!" ಎಂದು ನಾನೂ ಕೂಗಿದೆ.

ಮನೆಯ ಬಾವಿಗೆ ಅಂಥ ಮಾತಾಡುವುದೆಂದರೆ ಮನೆಯ ಹಿರಿಯರಿಗೆ ಬೈದ ಹಾಗೆ. ಎಲ್ಲರೂ ಮಾವನ ಮುಖ ನೋಡಿದರು. ಅವರು ಒಳಗೆ ಹೋದರು. ಸುಣ್ಣ ತಂದು ನನ್ನ ಕಾಲಿನ ಜಿಗಣೆಗಳಿಗೆ ಮುಟ್ಟಿಸಿ ಒಂದೊಂದಾಗಿ ಬಿಡಿಸಿದರು. ನನ್ನ ಕೋಪವೆಲ್ಲ ಅಲ್ಲೇ ಇಳಿದುಹೋಯಿತು. ಆದರೆ ಒರತೆಗೆ ಹೋಗುವುದು ಬಂದ್ ಆಯಿತು.

ಆಗಸ್ಟ್ ನಡುವಿಗೆ, ಆಟಿ ತಿಂಗಳು ಕಳೆದ ಮೇಲೆ ಮಾವನಿಗೆ ಹೊಟ್ಟೆ ಕೆಟ್ಟು ಜ್ವರ ಬಂತು. ಮದ್ದು ಕೊಡುವ ಪಂಡಿತರು ಬಂದು ಪಥ್ಯ ಹೇಳಿದರು: ಕಾಫಿ ಇಲ್ಲ, ಬೆಲ್ಲ ಇಲ್ಲ, ಎಲೆ ಅಡಿಕೆ ಇಲ್ಲ. ಗಂಜಿತಿಳಿ, ಬಿಟ್ಟರೆ ಕುದಿಸಿ ಆರಿಸಿದ ನೀರು. ಮೊದಲೆರಡು ದಿನ ಜ್ವರದ ಬಾಯಿಗೆ ಏನೂ ತಿಳಿಯಲಿಲ್ಲ. ಜ್ವರ ಬಿಟ್ಟ ಬೆಳಿಗ್ಗೆ ನಾನೇ ಲೋಟದಲ್ಲಿ ನೀರು ಕೊಟ್ಟೆ. ಒಂದು ಗುಟುಕು ಕುಡಿದರು. ಲೋಟವನ್ನು ಮೂಗಿನ ಹತ್ತಿರ ಹಿಡಿದರು. ಇನ್ನೊಂದು ಗುಟುಕು ಬಾಯಲ್ಲಿಟ್ಟುಕೊಂಡು ನುಂಗದೆ ಕೂತರು. ಆಮೇಲೆ ಕಿಟಕಿಯ ಹೊರಗೆ ಉಗಿದರು.

"ಇದ್ನನಾ ನೀನ್ ಇಷ್ಟ್ ದಿನ ಕುಡ್ದದ್?"

ನಾನು ಹೌದೆಂದು ತಲೆಯಾಡಿಸಿದೆ. ಅವರು ಎದ್ದರು. ನಿಲ್ಲಲು ಶಕ್ತಿ ಇರಲಿಲ್ಲ, ಗೋಡೆ ಹಿಡಿದುಕೊಂಡು ಬಾವಿಯವರೆಗೆ ಹೋದರು. ಮಳೆಯಲ್ಲಿ ಕಟ್ಟೆಯ ಸುತ್ತ ಬಗ್ಗಿ, ಮಣ್ಣು ಕೆರೆದು ಮೂಸಿದರು. ನಾನು ಕೊಡೆ ಹಿಡಿದು ಹಿಂದೆ ನಿಂತಿದ್ದೆ. ಆ ದೊಡ್ಡ ಮನುಷ್ಯ ಮಣ್ಣು ಹಿಡಿದುಕೊಂಡು ಅತ್ತದ್ದನ್ನು ನಾನು ನೋಡಿದೆ, ನನಗೂ ಅಳು ತಡೆಯಲಿಲ್ಲ.

"ನಾನೇ ಹಾಕ್ಸಿದ್ದ್ ಮಗ್ಳೇ. ನಿನ್ನ ಕಾಲಿಗೆ ಅಂತ ಹಾಕ್ಸಿದ್ದ್."

ಅವತ್ತಿನಿಂದ ಆ ಮನೆಯಲ್ಲಿ ನೆಮ್ಮದಿಯಿಲ್ಲದವರು ಇಬ್ಬರಾದೆವು. ಒರತೆಯಿಂದ ನನಗೆ ಕುಡಿಯುವ ನೀರನ್ನು ಮಾವನೇ ಹೊತ್ತು ತರತೊಡಗಿದರು. ಬೇರೆಯವರು ತರುತ್ತೇವೆಂದರೂ ಬಿಡಲಿಲ್ಲ. ಬಾವಿಯ ನೀರನ್ನು ಸೇದಿ ಸೇದಿ ಹೊರಗೆ ಚೆಲ್ಲಿಸಿದರು. ಮಳೆಗಾಲದ ಬಾವಿ ಬತ್ತುತ್ತದೆಯೇ? ಇಲ್ಲಿ ಎತ್ತಿದರೆ ಅಲ್ಲಿ ಒಸರುತ್ತಿತ್ತು. ಮಳೆ ನಿಂತ ಮೇಲೆ ತಳದ ಕೆಸರನ್ನೆಲ್ಲ ತೆಗೆಸಿದರು, ಗೋಡೆ ತಿಕ್ಕಿಸಿದರು, ಸುಣ್ಣ ಸುರಿಸಿದರು, ದಾರಿಯ ಮೇಲ್ಮಣ್ಣು ಹೆರೆಸಿ ದೂರ ಹಾಕಿಸಿದರು. ಹೊಸ ನೀರು ಬಂತು. ಇಬ್ಬರೂ ಒಂದೊಂದು ಬೊಗಸೆ ಕುಡಿದು ಒಬ್ಬರ ಮುಖ ಒಬ್ಬರು ನೋಡಿದೆವು. ವಾಸನೆ ಕಡಿಮೆಯಾಗಿತ್ತು, ಹೋಗಿರಲಿಲ್ಲ. ಭತ್ತ ಕೊಯ್ಯುವ ಹೊತ್ತಿಗೆ ಒರತೆ ಬತ್ತುತ್ತದೆ ಎಂಬುದು ನಮಗಿಬ್ಬರಿಗೂ ಗೊತ್ತಿತ್ತು.

ಆ ಸಮಯದಲ್ಲೇ ಗಂಡ ನನ್ನನ್ನು ಮಡಿಕೇರಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ನೀರಿನ ವಿಷಯ ಹೇಳಿದರೆ ಡಾಕ್ಟರು, "ವಾಸನೆ ಬಂದರೆ ಕುಡಿಯಬೇಡಿ" ಎಂದರು. ದೊಡ್ಡ ಉಪಕಾರ! ನನ್ನ ಹೊಟ್ಟೆಯುಬ್ಬರಕ್ಕೆ ಕರಿ ಮಾತ್ರೆ ಕೊಟ್ಟರು. ಇದೇನೆಂದು ಕೇಳಿದೆ.

"ಇದ್ದಿಲಮ್ಮ. ಹೊಟ್ಟೆಯಲ್ಲಿರುವ ಕೆಟ್ಟದ್ದನ್ನು ಹೀರಿಕೊಳ್ಳುತ್ತದೆ. ವಿಷ ಕುಡಿದವರಿಗೂ ಇದನ್ನೇ ಅರೆದು ಕುಡಿಸುತ್ತೇವೆ."

ಬಸ್ಸು ಹತ್ತಿ ಕೂತ ಮೇಲೂ ಆ ಮಾತು ತಲೆಯಲ್ಲೇ ಸುತ್ತುತ್ತಿತ್ತು. ಬಸ್ಸು ತಿರುವಿನಲ್ಲಿ ವಾಲಿದಾಗ ಗಂಡನ ತೋಳು ಹಿಡಿದು, "ವಿಷ ಹೊಟ್ಟೆಗೆ ಹೋದ ಮೇಲೆ ಯಾಕೆ ಹೀರಬೇಕು? ಕೊಡದಲ್ಲೇ ಹೀರಿದರೆ ಆಗುವುದಿಲ್ಲವಾ?" ಎಂದೆ. ನನ್ನ ದನಿ ದೊಡ್ಡದು. ಮುಂದಿನ ಸೀಟಿನವರೆಲ್ಲ ತಿರುಗಿ ನೋಡಿದರು. ಗಂಡ ನಾಚಿಕೆಯಿಂದ ಕಿಟಕಿಯ ಹೊರಗೆ ನೋಡತೊಡಗಿದರು.

ಮನೆಗೆ ಬಂದು ಸೀರೆ ಬದಲಿಸುವ ಮೊದಲೇ ಮಾವನಿಗೆ ಹೇಳಿದೆ. ಅವರು ಕೂಡಲೇ ಎದ್ದರು. ತೆಂಗಿನ ಚಿಪ್ಪು ಒಟ್ಟುಹಾಕಿ, ಹೊಂಡದಲ್ಲಿ ಸುಟ್ಟು, ಮಣ್ಣು ಮುಚ್ಚಿ ಇದ್ದಿಲು ಮಾಡಿದರು. ನಾನು ಅದನ್ನು ಕಾಳುಮೆಣಸಿನ ಗಾತ್ರಕ್ಕೆ ಕುಟ್ಟಿ ತೊಳೆದೆ. ಮಣ್ಣಿನ ಗಡಿಗೆಗಳ ತಳಕ್ಕೆ ತೂತು ಮಾಡಿ, ಚಿಂದಿಬಟ್ಟೆ ತುರುಕಿ, ಒಂದರಲ್ಲಿ ಹೊಳೆ ಮರಳು, ಅದರ ಕೆಳಗಿನದರಲ್ಲಿ ಇದ್ದಿಲು, ಎಲ್ಲಕ್ಕಿಂತ ಕೆಳಗೆ ತಾಮ್ರದ ಕೊಡ ಇಟ್ಟೆವು. ಮೇಲಿನಿಂದ ಬಾವಿಯ ನೀರು ಸುರಿದೆವು. ಮೊದಲು ಕಪ್ಪು ನೀರು ಬಂತು. ಅತ್ತೆ, "ಇದ್ರ ಬದ್ಲ್ ಮಸಿ ಕುಡೀಕೆ ಆಗದಾ?" ಎಂದು ನಕ್ಕರು. ಆಮೇಲೆ ತಿಳಿಯಾಯಿತು. ತೊಟ್ಟು ತೊಟ್ಟಾಗಿ ಬೀಳುತ್ತಿದ್ದ ನೀರಿನ ಮುಂದೆ ನಾವಿಬ್ಬರೂ ಕಾದು ಕೂತೆವು, ನಾನು ಕೂತದ್ದಕ್ಕಿಂತ ಎದ್ದು ಓಡಾಡಿದ್ದೇ ಹೆಚ್ಚು. ಅರ್ಧ ಲೋಟ ತುಂಬಿದ ಕೂಡಲೇ ಮಾವ ನನ್ನ ಕೈಗೆ ಕೊಡದೆ ತಾವೇ ಮೊದಲು ಕುಡಿದರು.

"ಇಲ್ಲೆ" ಎಂದರು. "ವಾಸನೆ ಇಲ್ಲೆ ಮಗ್ಳೇ!"

ನಾನು ಕುಡಿದೆ. ಇರಲಿಲ್ಲ. ನಿಜವಾಗಿಯೂ ಇರಲಿಲ್ಲ! ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ ಎಂದರೆ ಗಂಡ ಬೇಜಾರು ಮಾಡಿಕೊಳ್ಳಬಾರದು.

ಕೆಲವು ವಾರ ಕಳೆದ ಮೇಲೆ ಗಡಿಗೆಯ ನೀರಿನಲ್ಲೂ ಅದೇ ವಾಸನೆ ಇಣುಕಿತು. ನಾನು ಲೋಟವನ್ನು ಮಾವನ ಮೂಗಿಗೆ ಹಿಡಿದೆ. ಇದ್ದಿಲು ಹೊಟ್ಟೆ ತುಂಬಿಸಿಕೊಂಡಿದೆ, ಇನ್ನು ಹಿಡಿಯಲಾರದು ಎಂದು ಮಾವನೇ ಊಹಿಸಿದರು. ಹಳೆಯದನ್ನು ತೆಗೆದು ಹೊಸದು ತುಂಬಿದೆವು, ಸರಿಹೋಯಿತು. ಅಂದಿನಿಂದ ಇದ್ದಿಲಿನ ಕೆಲಸ ಮಾವನದೇ. ಚಿಪ್ಪು ಸುಡುವುದು, ಕುಟ್ಟುವುದು, ತುಂಬುವುದು, ದಿನವೂ ಮೂಸಿ ನೋಡುವುದು, ವಾಸನೆ ಬಂದರೆ ಬದಲಿಸುವುದು. ಮನೆಯವರೆಲ್ಲರ ಕಾಫಿಗೂ ಗಡಿಗೆಯ ನೀರೇ ಆಯಿತು. ತೆಗೆದ ಇದ್ದಿಲು ಎಲ್ಲಿ ಹೋಗುತ್ತದೆ ಎಂದು ನಾನು ಕೇಳಲಿಲ್ಲ, ಯಾರೂ ಕೇಳಲಿಲ್ಲ. ನೀರು ಚೆನ್ನಾಗಿತ್ತು, ಸಾಕು.

ಬೇಸಿಗೆಯಲ್ಲಿ ಮಗಳು ಹುಟ್ಟಿದಳು. ನನಗೆ ತಾಯಿಯಿಲ್ಲದ ಕಾರಣ ಬಾಣಂತನವೂ ಗಂಡನ ಮನೆಯಲ್ಲೇ. ಹುಟ್ಟಿದ ಕೂಡಲೇ ನಾನು ಅವಳ ಬೆರಳುಗಳನ್ನು ಮುಟ್ಟಿ ಮುಟ್ಟಿ ನೋಡಿದೆ, ಕಣ್ಣು ನೋಡಿದೆ, ಕಿವಿ ನೋಡಿದೆ. ಎಲ್ಲ ಇತ್ತು. ಗಟ್ಟಿಯಾಗಿ ಅತ್ತಳು, ನನ್ನದೇ ಗಂಟಲು. ಆ ಕೆಲವು ದಿನ ಮಾತ್ರ ನಾನು ನೆಮ್ಮದಿಯಾಗಿ ಮಲಗಿದೆ. ಮಾವ ಬಾಗಿಲಾಚೆ ಕೂತು, ಒಳಗೆ ಬರಬಾರದಾದ್ದರಿಂದ, ಮಗು ಅತ್ತಾಗಲೆಲ್ಲ "ಎಂತಾತ್? ಎಂತಾತ್?" ಎಂದು ಕೇಳುತ್ತಿದ್ದರು.

ಬಾಣಂತಿಗೂ ಕೂಸಿಗೂ ಸ್ನಾನವಾದ ಮೇಲೆ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಹೊಗೆ ಕೊಡುವುದು ಎಲ್ಲ ಕಡೆಯೂ ಇರುವುದೇ. ಒಂದು ಬೆಳಿಗ್ಗೆ ಅತ್ತೆ ಅಗ್ಗಿಷ್ಟಿಕೆ ತಂದಿಟ್ಟು, ಕೂಸನ್ನು ಬಟ್ಟೆಯಲ್ಲಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದು ಹೊಗೆಯ ಮೇಲೆ ಆಡಿಸತೊಡಗಿದರು. ನಾನು ಹಾಸಿಗೆಯಲ್ಲಿ ತಲೆ ಒರೆಸಿಕೊಳ್ಳುತ್ತಿದ್ದೆ. ಸಾಂಬ್ರಾಣಿಯ ಅಡಿಯಿಂದ ಇನ್ನೊಂದು ವಾಸನೆ ಎದ್ದಿತು. ಮೂಗಿಗಿಂತ ಮೊದಲು ಗಂಟಲು ಹಿಡಿದುಕೊಂಡಿತು.

ನಾನು ಹೇಗೆ ಎದ್ದೆನೋ ಗೊತ್ತಿಲ್ಲ. ಅತ್ತೆಯ ಕೈಯಿಂದ ಮಗುವನ್ನು ಕಿತ್ತುಕೊಂಡು, ಅಗ್ಗಿಷ್ಟಿಕೆಯನ್ನು ಕಾಲಿನಿಂದ ಒದ್ದೆ. ಕೆಂಡ ನೆಲದ ಮೇಲೆಲ್ಲ ಚೆಲ್ಲಿತು.

"ಬಾಣಂತಿ ಸನ್ನಿ! ಹಿಡ್ಕಣಿ ಅವ್ಳ!" ಎಂದು ಅತ್ತೆ ಚೀರಿದರು.

"ಯಾವ ಇದ್ದಿಲು ಇದು? ಅತ್ತೆ, ಯಾವ ಇದ್ದಿಲು?"

"ಚಿಪ್ಪಿನ ಇದ್ದಿಲು! ಒಳ್ಳೇ ಇದ್ದಿಲು! ನಿನ್ನ ಮಾವನೇ ಮಗೂಗೆ ಅಂತ ಒಣ್ಗಿಸಿ ಮಡ್ಗಿದ್ದ್!"

ಮಾವ ಶಾಸ್ತ್ರ ಮರೆತು ಒಳಗೆ ಬಂದು ನಿಂತಿದ್ದರು. ಗಡಿಗೆಯಿಂದ ತೆಗೆದ ಇದ್ದಿಲನ್ನೆಲ್ಲ ಅವರು ಕಣದಲ್ಲಿ ಬಿಸಿಲಿಗೆ ಒಣಗಿಸಿ ಗೋಣಿಯಲ್ಲಿ ಕಟ್ಟಿಟ್ಟಿದ್ದರು. ಅಷ್ಟು ಕಷ್ಟಪಟ್ಟು ಸುಟ್ಟ ಒಳ್ಳೆಯ ಇದ್ದಿಲು ದಂಡವಾಗಬಾರದು, ಹೊಗೆಯಿಲ್ಲದೆ ಉರಿಯುತ್ತದೆ, ಕೂಸಿನ ಕಣ್ಣಿಗೆ ಒಳ್ಳೆಯದು ಎಂದು. ಅವರು ಬಗ್ಗಿ ಒಂದು ಕೆಂಡದ ಹೊಗೆ ಮೂಸಿದರು. ಅವರಿಗೂ ಆ ವಾಸನೆ ತಿಳಿಯುತ್ತಿತ್ತು.

ಮಗು ಕೆಮ್ಮಿತು, ಅತ್ತಿತು, ಆಮೇಲೆ ಹಾಲು ಕುಡಿಯಿತು. ಅವಳಿಗೆ ಏನೂ ಆಗಲಿಲ್ಲ ಎಂದೇ ಎಲ್ಲರೂ ಹೇಳುತ್ತಾರೆ, ಅವಳೂ ಹೇಳುತ್ತಾಳೆ. ಆದರೂ ಅವಳು ಒಂದು ಸಲ ಕೆಮ್ಮಿದರೆ ನಾನು ಇಂದಿಗೂ ಮಾಡುತ್ತಿರುವ ಕೆಲಸ ಬಿಟ್ಟು ಎದ್ದು ನಿಲ್ಲುತ್ತೇನೆ. ಸಾಯುವವರೆಗೂ ಹೀಗೇ ಇರುತ್ತೇನೆಂದು ಕಾಣುತ್ತದೆ.

ಅವತ್ತು ನಾನು ಮಗುವನ್ನು ಎದೆಗೊತ್ತಿಕೊಂಡು ಜಗಲಿಗೆ ಬಂದೆ. ಮಾವ ಉಳಿದ ಇದ್ದಿಲಿನ ಗೋಣಿಯನ್ನು ಹೆಗಲಿಗೇರಿಸಿ ಅಂಗಳಕ್ಕಿಳಿದಿದ್ದರು. ಕಾಫಿ ತೋಟದ ಕಡೆ ನಾಲ್ಕು ಹೆಜ್ಜೆ ಹೋದರು, ನಿಂತರು. ತೋಟದ ಮಳೆನೀರೆಲ್ಲ ಇಳಿಯುವುದು ಬಾವಿಯ ಕಡೆಗೇ. ಗದ್ದೆಯ ಕಡೆ ತಿರುಗಿದರು. ಗದ್ದೆಯ ಕೆಳಗೆ ನೀರು ಹರಿಯುವ ತೋಡು, ತೋಡಿನ ಕೆಳಗೆ ಬೇರೆಯವರ ಮನೆಗಳು. ಅಡುಗೆಮನೆಯ ಒಲೆಯ ಕಡೆ ನೋಡಿ, ಸುಡುವುದು ಬೇಡವೆಂದು ತಾವೇ ತಲೆಯಾಡಿಸಿದರು. ಗುಡ್ಡದ ಮೇಲೆ ಒರತೆ. ಹೀಗೆ ಅಂಗಳದಲ್ಲಿ ಒಂದು ಸುತ್ತು ತಿರುಗಿ ಕೊನೆಗೆ ನನ್ನನ್ನು ನೋಡಿದರು.

"ಇದ್ನ ಎಲ್ಲಿ ಹಾಕುದು ಮಗ್ಳೇ?"

ನಾನೂ ಮಗುವನ್ನು ಹೊತ್ತುಕೊಂಡು ಅವರು ನೋಡಿದ ಕಡೆಯೆಲ್ಲ ಮತ್ತೆ ಒಂದೊಂದಾಗಿ ನೋಡಿದೆ. ಬಿಸಿಲು ಏರುತ್ತಿತ್ತು. ಗೋಣಿಯನ್ನು ನೆಲಕ್ಕೂ ಇಳಿಸದೆ ಅವರು ಹಾಗೇ ನಿಂತಿದ್ದರು.